ಪವರ್ ಸಿಸ್ಟಮ್ ಸಂಶೋಧನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದ್ದೇನೆ. ವಿದ್ಯುತ್ ಜಾಲದ ಆಪ್ಟಿಮೈಸೇಶನ್‌ನಲ್ಲಿ ಸಂಶೋಧನೆ ಮಾಡುವ ಆಸೆ. ಮೊದಲು ಸಾಫ್ಟ್‌ವೇರ್ ಕಲಿಯಲೇ, ಗಣಿತ ಗಟ್ಟಿ ಮಾಡಿಕೊಳ್ಳಲೇ?

ಉತ್ತರ: ಗಣಿತ, ಅದೂ ಕಾಗದ ಪೆನ್ನು ಹಿಡಿದು. ಎರಡು ಸ್ಥಾವರಗಳಿವೆ ಎಂದುಕೊಳ್ಳಿ. ಇನ್ನೊಂದು ಮೆಗಾವಾಟ್ ಹೆಚ್ಚಿಸಲು ತಗಲುವ ಖರ್ಚು, ಅಂದರೆ ಇನ್‌ಕ್ರಿಮೆಂಟಲ್ ಕಾಸ್ಟ್, ಮೊದಲನೆಯದರಲ್ಲಿ 20ರಿಂದ ಶುರುವಾಗಿ ಮೆಗಾವಾಟಿಗೆ 0.04ರಂತೆ ಏರುತ್ತದೆ, ಎರಡನೆಯದರಲ್ಲಿ 24ರಿಂದ ಶುರುವಾಗಿ 0.02ರಂತೆ. ಬೇಡಿಕೆ 550 ಮೆಗಾವಾಟ್. ಎರಡರ ಇನ್‌ಕ್ರಿಮೆಂಟಲ್ ಕಾಸ್ಟ್ ಸಮವಾದಾಗ ಒಟ್ಟು ಖರ್ಚು ಕನಿಷ್ಠ: ಮೊದಲನೆಯದಕ್ಕೆ 250, ಎರಡನೆಯದಕ್ಕೆ 300, ಎರಡೂ ಕಡೆ 30.

ಈಗ ಎರಡನೆಯ ಸ್ಥಾವರಕ್ಕೆ 250 ಮೆಗಾವಾಟ್ ಮಿತಿ ಹಾಕಿ. ಮೊದಲನೆಯದು 300ಕ್ಕೆ ಏರಬೇಕು, ಅದರ ಇನ್‌ಕ್ರಿಮೆಂಟಲ್ ಕಾಸ್ಟ್ 32 ಆಗುತ್ತದೆ. ಎರಡನೆಯದರದು 29ಕ್ಕೆ ನಿಲ್ಲುತ್ತದೆ. ನಡುವಿನ ಆ 3 ಇದೆಯಲ್ಲ, ಅದೇ ಮಿತಿಯ ಲಗ್ರಾಂಜ್ ಗುಣಕ. ಮಿತಿಯನ್ನು ಒಂದು ಮೆಗಾವಾಟ್ ಸಡಿಲಿಸಿದರೆ ಗಂಟೆಗೆ ಉಳಿಯುವ ಹಣ. ಹಾಗಾದರೆ 50 ಮೆಗಾವಾಟ್ ಸಡಿಲಿಸಿದರೆ 150 ಉಳಿಯಿತೆಂದು ಬರೆಯುವವರು ಬಹಳ. ತಪ್ಪು. ಸಡಿಲಿಸುತ್ತಾ ಹೋದಂತೆ ಗುಣಕ 3ರಿಂದ ಸೊನ್ನೆಗೆ ಇಳಿಯುತ್ತದೆ, ಹಾಗಾಗಿ ಸರಾಸರಿ 1.5, ಉಳಿತಾಯ 75 ಮಾತ್ರ. ಜಾಲದ ಬೇರೆ ಬೇರೆ ಬಸ್‌ಗಳಲ್ಲಿ, ಅಂದರೆ ಲೈನ್‌ಗಳು ಕೂಡುವ ಬಿಂದುಗಳಲ್ಲಿ, ವಿದ್ಯುತ್ತಿನ ಬೆಲೆ ಬೇರೆ ಬೇರೆಯಾಗಲು ಲೈನ್ ಮಿತಿಗಳ ಇಂಥ ಗುಣಕಗಳೇ ಮುಖ್ಯ ಕಾರಣ. ಇದು ಕೈಗೆ ಹತ್ತಿದ ಮೇಲೆ 1962ರಲ್ಲಿ ಫ್ರಾನ್ಸಿನ ಕಾರ್ಪೆಂಟಿಯರ್ ರೂಪಿಸಿದ ಆಪ್ಟಿಮಲ್ ಪವರ್ ಫ್ಲೋಗೆ, ಅಂದರೆ ಇಡೀ ಜಾಲದ ಮಿತಿಗಳೊಳಗೆ ಕನಿಷ್ಠ ಖರ್ಚಿನ ಹಂಚಿಕೆ ಹುಡುಕುವ ಲೆಕ್ಕಕ್ಕೆ ಹೋಗಿ. ಅಲ್ಲಿ ಸೇರುವುದು ಜಾಲದ ಸಮೀಕರಣಗಳು, ವೋಲ್ಟೇಜ್ ಮಿತಿ, ಲೈನ್ ಮಿತಿ, ತರ್ಕ ಇದೇ.

ಪ್ರಶ್ನೆ: ಆಪ್ಟಿಮಲ್ ಪವರ್ ಫ್ಲೋಗೆ ನಾನೇ ಕೋಡ್ ಬರೆದೆ. 14 ಬಸ್‌ಗಳ ಐಟ್ರಿಪಲ್‌ಇ ಪರೀಕ್ಷಾ ಮಾದರಿಯಲ್ಲೇ ಕನ್ವರ್ಜ್ ಆಗುತ್ತಿಲ್ಲ, ಅಂದರೆ ಒಂದು ಉತ್ತರಕ್ಕೆ ಬಂದು ನಿಲ್ಲುತ್ತಿಲ್ಲ. ಒಮ್ಮೊಮ್ಮೆ ಆದರೂ ಖರ್ಚು ವಿಚಿತ್ರವಾಗಿ ಬರುತ್ತದೆ.

ಉತ್ತರ: ಆಲ್ಗಾರಿದಮ್ಮಿನ ಮೇಲೆ ಅನುಮಾನ ಪಡುವ ಮೊದಲು ಡೇಟಾ ಓದುವ ಭಾಗವನ್ನು ನೋಡಿ. ಮ್ಯಾಟ್‌ಪವರ್ (ಇಂಥ ಲೆಕ್ಕಗಳ ಸಾಫ್ಟ್‌ವೇರ್) ಫೈಲಿನಲ್ಲಿ ಟ್ಯಾಪ್ ಅನುಪಾತದ, ಅಂದರೆ ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಅನುಪಾತದ ಜಾಗದಲ್ಲಿ 0 ಇದ್ದರೆ ಅದನ್ನು 1 ಎಂದು ಓದಬೇಕು. ಹಾಗೇ ಬಿಟ್ಟರೆ ಬಸ್‌ಗಳ ನಡುವಿನ ವಿದ್ಯುತ್ ಸಂಪರ್ಕವನ್ನು ಹೇಳುವ ಅಡ್ಮಿಟೆನ್ಸ್ ಮ್ಯಾಟ್ರಿಕ್ಸ್‌ನಲ್ಲಿ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಲೈನ್ ಮಿತಿಯಲ್ಲಿ 0 ಬಂದರೆ ‘ಮಿತಿ ಇಲ್ಲ’ ಎಂದರ್ಥ, ‘ಏನೂ ಹರಿಯಬಾರದು’ ಎಂದಲ್ಲ. ಕೋನಗಳು ಫೈಲಿನಲ್ಲಿ ಡಿಗ್ರಿ, ಲೆಕ್ಕದಲ್ಲಿ ರೇಡಿಯನ್.

ಖರ್ಚು ವಿಚಿತ್ರವಾಗಿದ್ದರೆ ಪರ್ ಯೂನಿಟ್ (ಬೇಸ್ ಮೌಲ್ಯದಿಂದ ಭಾಗಿಸಿ ಬರೆಯುವ ಅಳತೆ) ಗೊಂದಲವೇ ಇರಬೇಕು. ಬೇಸ್ 100 ಎಂವಿಎ ಆಗಿದ್ದು ಉತ್ಪಾದನೆಯನ್ನು ಪರ್ ಯೂನಿಟ್‌ನಲ್ಲಿ ಇಟ್ಟುಕೊಂಡಿದ್ದರೆ, ಖರ್ಚಿನ ಏಕಘಾತದ ಗುಣಾಂಕವನ್ನು 100ರಿಂದ, ವರ್ಗಪದದ ಗುಣಾಂಕವನ್ನು 10,000ದಿಂದ ಗುಣಿಸಬೇಕು. ಎರಡಕ್ಕೂ 100 ಹಾಕಿದರೆ ಕೋಡ್ ಸುಮ್ಮನೆ ಓಡುತ್ತದೆ, ಹಂಚಿಕೆ ಮಾತ್ರ ಎಲ್ಲೋ ಹೋಗಿರುತ್ತದೆ. ಇಂಥ ತಪ್ಪು ಕೂಗಿ ಹೇಳುವುದಿಲ್ಲ. ಮೊದಲು ಖರ್ಚನ್ನು ಬದಿಗಿಟ್ಟು ಬರೀ ಪವರ್ ಫ್ಲೋ (ಬಸ್‌ಗಳ ವೋಲ್ಟೇಜ್, ಲೈನ್‌ಗಳ ಹರಿವಿನ ಲೆಕ್ಕ) ಬಿಡಿಸಿ, ಫೈಲಿನಲ್ಲಿರುವ ವೋಲ್ಟೇಜುಗಳ ಜೊತೆ ತಾಳೆ ನೋಡಿ. ಆಮೇಲೆ ಮಿತಿಗಳನ್ನು ಒಂದೊಂದಾಗಿ ಸೇರಿಸಿ. ಆರಂಭದ ಅಂದಾಜು: ಎಲ್ಲ ವೋಲ್ಟೇಜ್ 1, ಕೋನ 0, ಉತ್ಪಾದನೆ ಮಿತಿಗಳ ನಡುಮಧ್ಯ.

ಪ್ರಶ್ನೆ: ಡಿಸಿ ಪವರ್ ಫ್ಲೋ ಎಂಬ ಸರಳೀಕೃತ ಲೆಕ್ಕ ಬಳಸಿದರೆ ಸಾಲದೇ?

ಉತ್ತರ: ಹೈವೋಲ್ಟೇಜ್ ಪ್ರಸರಣ ಜಾಲದಲ್ಲಿ ಮೆಗಾವಾಟ್ ಹರಿವಷ್ಟೇ ಬೇಕಿದ್ದರೆ ಸಾಕು. ವೋಲ್ಟೇಜ್ ಎಲ್ಲೆಡೆ 1, ಕೋನವ್ಯತ್ಯಾಸ ಸಣ್ಣದು, ಲೈನ್ ರೆಸಿಸ್ಟೆನ್ಸ್ ಸೊನ್ನೆ ಎಂಬ ಊಹೆಯ ಮೇಲೆ ಅದು ನಿಂತಿದೆ. ವಿತರಣಾ ಜಾಲದಲ್ಲಿ ರೆಸಿಸ್ಟೆನ್ಸ್ ರಿಯಾಕ್ಟೆನ್ಸ್‌ಗೆ ಸರಿಸಮ ಬಂದುಬಿಡುತ್ತದೆ. ಅಲ್ಲಿ ಡಿಸಿ ಬೇಡ.

ಪ್ರಶ್ನೆ: ಪಾರ್ಟಿಕಲ್ ಸ್ವಾರ್ಮ್ ಎಂಬ ಹುಡುಕಾಟದ ವಿಧಾನದಿಂದ ಪ್ರಕಟಿತ ಫಲಿತಾಂಶಕ್ಕಿಂತ ಕಡಿಮೆ ಖರ್ಚು ಸಿಕ್ಕಿದೆ. ಪೇಪರ್ ಬರೆಯಬಹುದೇ?

ಉತ್ತರ: ಆತುರ ಬೇಡ. ಮಿತಿ ಮೀರಿದ್ದಕ್ಕೆ ಖರ್ಚಿಗೆ ಸೇರಿಸುವ ದಂಡದ, ಅಂದರೆ ಪೆನಾಲ್ಟಿಯ ಗುಣಾಂಕ ಚಿಕ್ಕದಾಗಿದ್ದರೆ ಸ್ವಾರ್ಮ್ ದಂಡ ಕಟ್ಟಿಯೇ ಲಾಭ ಮಾಡಿಕೊಳ್ಳುತ್ತದೆ: ಒಂದು ಜನರೇಟರ್ ರಿಯಾಕ್ಟಿವ್ ಮಿತಿ ದಾಟಿರುತ್ತದೆ, ಇಲ್ಲವೇ ಯಾವುದೋ ಲೋಡ್ ಬಸ್ಸಿನ ವೋಲ್ಟೇಜ್ 1.05ರ ಮಿತಿ ಮೀರಿ 1.07ರಲ್ಲಿ ಕೂತಿರುತ್ತದೆ. ಸಿಕ್ಕ ಉತ್ತರವನ್ನು ಬೇರೆ ಪ್ರೋಗ್ರಾಮಿನಲ್ಲಿ ಪವರ್ ಫ್ಲೋಗೆ ಹಾಕಿ ಪ್ರತಿ ಮಿತಿಯನ್ನೂ ಪರಿಶೀಲಿಸಿ. ಅದೇ ಸಮಸ್ಯೆಯನ್ನು ಇಂಟೀರಿಯರ್ ಪಾಯಿಂಟ್ ವಿಧಾನದಲ್ಲೂ ಬಿಡಿಸಿ. ಜೊತೆಗೆ ಕೋನಿಕ್ ರಿಲ್ಯಾಕ್ಸೇಶನ್‌ನಿಂದ, ಅಂದರೆ ಕಠಿಣ ನಿಯಮಗಳನ್ನು ಸಡಿಲಿಸಿ ಬಿಡಿಸುವ ವಿಧಾನದಿಂದ, ಖರ್ಚಿನ ಕೆಳಮಿತಿ ಕಂಡುಕೊಳ್ಳಿ. ಖರ್ಚಿನ ಲೆಕ್ಕ ಅದೇ ಆಗಿದ್ದು ನಿಮ್ಮ ಉತ್ತರ ಆ ಕೆಳಮಿತಿಗಿಂತಲೂ ಕೆಳಗಿದ್ದರೆ ಎಲ್ಲೋ ನಿಯಮ ಮುರಿದಿದೆ, ಚರ್ಚೆಯೇ ಬೇಕಿಲ್ಲ. ಮೇಲಿದ್ದರೆ ಎಷ್ಟು ಶೇಕಡಾ ಅಂತರ ಎಂದು ಬರೆಯಿರಿ. 30 ಸಲವಾದರೂ ಓಡಿಸಿ ಉತ್ತಮ, ಸರಾಸರಿ, ಕೆಟ್ಟ ಫಲಿತಾಂಶ ಮೂರನ್ನೂ ಕೊಡಿ. ಒಂದೇ ಓಟದ ‘ಅತ್ಯುತ್ತಮ’ ಸಂಖ್ಯೆ ತೋರಿಸುವ ಪೇಪರನ್ನು ಒಳ್ಳೆಯ ವಿಮರ್ಶಕರು ಅಲ್ಲೇ ಹಿಂದಿರುಗಿಸುತ್ತಾರೆ.

ಪ್ರಶ್ನೆ: ಯೂನಿಟ್ ಕಮಿಟ್‌ಮೆಂಟ್ (ಯಾವ ಜನರೇಟರನ್ನು ಯಾವ ಗಂಟೆಗೆ ಆನ್ ಮಾಡಬೇಕೆಂಬ) ಸಮಸ್ಯೆ ಗಂಟೆಗಟ್ಟಲೆ ಓಡಿದರೂ ಮುಗಿಯುತ್ತಿಲ್ಲ.

ಉತ್ತರ: 100 ಯೂನಿಟ್, 24 ಗಂಟೆ ಎಂದರೆ ಆನ್-ಆಫ್ ನಿರ್ಧಾರಗಳೇ 2,400. ಮಿಪ್ ಗ್ಯಾಪ್, ಅಂದರೆ ಸಿಕ್ಕ ಉತ್ತರಕ್ಕೂ ಸಾಲ್ವರ್ ಕಂಡುಕೊಂಡ ಕೆಳಮಿತಿಗೂ ಇರುವ ಅಂತರ, ಸೊನ್ನೆಯಾಗಲೆಂದು ಕಾಯಬೇಡಿ, ಶೇ 0.1ಕ್ಕೆ ನಿಲ್ಲಿಸಿ. ತದ್ರೂಪಿ ಯೂನಿಟ್‌ಗಳಿದ್ದರೆ ಸಾಲ್ವರ್ ಅವುಗಳನ್ನು ಅದಲುಬದಲು ಮಾಡುತ್ತಾ ಅದೇ ಖರ್ಚಿನ ಕೊಂಬೆಗಳಲ್ಲೇ ಸುತ್ತುತ್ತಿರುತ್ತದೆ. ಮೊದಲನೆಯದು ಆನ್ ಆಗದೆ ಎರಡನೆಯದು ಆನ್ ಆಗಕೂಡದು ಎಂಬಂಥ ಕ್ರಮ ಹಾಕಬಹುದು, ಆದರೆ ಅವುಗಳ ಆರಂಭದ ಸ್ಥಿತಿಯೂ ಒಂದೇ ಆಗಿದ್ದು, ಕನಿಷ್ಠ ಆನ್-ಆಫ್ ಅವಧಿಯ ನಿಯಮ ಅಡ್ಡಬರುವುದಿಲ್ಲ ಎಂದು ನೋಡಿಕೊಂಡ ಮೇಲೆ. ಆಫ್ ಆದ ಯೂನಿಟ್‌ನ ಉತ್ಪಾದನೆ ಸೊನ್ನೆಯಾಗಿಸುವ ನಿಯಮದಲ್ಲಿ ‘ಬಿಗ್ ಎಂ’ ಎಂಬ ದೊಡ್ಡ ಸಂಖ್ಯೆಯಾಗಿ ಹತ್ತು ಲಕ್ಷ ಹಾಕಿದ್ದರೆ ಅದನ್ನು ತೆಗೆದು ಆಯಾ ಯೂನಿಟ್‌ನ ಗರಿಷ್ಠ ಮೆಗಾವಾಟ್ ಹಾಕಿ. ಎಷ್ಟೋ ಸಲ ಇದೊಂದರಿಂದಲೇ ಸಾಲ್ವರ್ ದಾರಿಗೆ ಬರುತ್ತದೆ.