ಅಗ್ಗದ ಅಂಗಡಿ ಬಂದರೆ ತಪ್ಪೇನು?

ಪ್ರಶ್ನೆ: ನ್ಯೂಯಾರ್ಕ್‌ನ ಜಾಕ್ಸನ್ ಹೈಟ್ಸ್‌ನಲ್ಲಿ ಮಗಳ ಮನೆ. ದೊಡ್ಡ ಚೈನ್ ಅಂಗಡಿ ಬಂದರೆ ವಲಸಿಗರ ಸಣ್ಣ ಅಂಗಡಿಗಳು ಮುಚ್ಚಿಹೋಗುತ್ತವೆ ಅಂತಾಳೆ. ಸಾಮಾನು ಅಗ್ಗಕ್ಕೆ ಸಿಕ್ಕರೆ ಒಳ್ಳೇದೇ ಅಲ್ವಾ?
ಒಬ್ಬ ತಾಯಿ, ಮೈಸೂರು

ಉತ್ತರ: ಸೋಪು, ಡೈಪರ್ ಮಟ್ಟಿಗೆ ಒಳ್ಳೇದೇ ಅಮ್ಮಾ. ಆದರೆ ಸಣ್ಣ ಅಂಗಡಿಯವರಿಗೆ ರೇಟಿಗಿಂತ ಬಾಡಿಗೆಯ ಹೆದರಿಕೆ ಜಾಸ್ತಿ. ನ್ಯೂಯಾರ್ಕ್‌ನಲ್ಲಿ ಎಷ್ಟೋ ಮನೆಗಳ ಬಾಡಿಗೆಗೆ ಮಿತಿ ಇದೆ, ಅಂಗಡಿ ಮಳಿಗೆಗಳಿಗಿದ್ದ ಮಿತಿ ಮಾತ್ರ 1963ರಲ್ಲೇ ಹೋಯಿತು. ಪಕ್ಕದಲ್ಲಿ ಚೈನ್ ಅಂಗಡಿಯ ದೊಡ್ಡ ಬೋರ್ಡ್ ಎದ್ದಿತು ಅಂದುಕೊಳ್ಳಿ, ಲೀಸ್ ಮುಗಿದ ದಿನ ಮಾಲೀಕ ಬಾಯಿಗೆ ಬಂದಷ್ಟು ಕೇಳಬಹುದು, ಕೊಡೋಕಾಗದಿದ್ದರೆ ಗಂಟುಮೂಟೆ ಕಟ್ಟಬೇಕು.

ಮುಂದಿನ ಸಲ ಹೋದಾಗ 74ನೇ ಬೀದಿಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಬ್ಲೌಸಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುವವರು, ಬಂಗಾಳಿಯಲ್ಲೋ ನೇಪಾಳಿಯಲ್ಲೋ ಮಾತಾಡಿಸಿ ಊರಿಗೆ ದುಡ್ಡು ಕಳಿಸಿಕೊಡುವವರು. ಇದನ್ನೆಲ್ಲ ಯಾವ ಚೈನ್ ಅಂಗಡಿ ಮಾಡುತ್ತೆ ಹೇಳಿ?

ಹಾಗಂತ ಚೈನ್ ಅಂದರೆಲ್ಲ ಹೊರಗಿನವರೇ ಅಂತಲೂ ಅಲ್ಲ. ಅದೇ ಬೀದಿಯ ಭಾರತೀಯ ದಿನಸಿ ಅಂಗಡಿ ಪಟೇಲ್ ಬ್ರದರ್ಸ್ 1974ರಲ್ಲಿ ಶಿಕಾಗೋದ ಡೆವನ್ ಅವೆನ್ಯೂನಲ್ಲಿ ಒಂದೇ ಅಂಗಡಿಯಾಗಿ ಶುರುವಾದದ್ದು, ಈಗ 50ಕ್ಕೂ ಜಾಸ್ತಿ ಇವೆ. ಕರಿಬೇವು ಮಾರುವ ಪುಟ್ಟ ದಿನಸಿ ಅಂಗಡಿಯವನ ಕಣ್ಣಿಗೆ ಅದೂ ದೊಡ್ಡದೇ ಅಲ್ವಾ?