ತೊಗರಿ ಸ್ವಾವಲಂಬನೆ ಮತ್ತು ಮೊಜಾಂಬಿಕ್ ಒಪ್ಪಂದ

ಪ್ರಶ್ನೆ: ಸರ್, ನಾನು ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರ. ಬೇಳೆಕಾಳಿನಲ್ಲಿ ಸ್ವಾವಲಂಬಿಯಾಗಬೇಕು ಎನ್ನುವ ಸರ್ಕಾರವೇ ಆಫ್ರಿಕಾದಿಂದ ಸುಂಕವಿಲ್ಲದೆ ತೊಗರಿ ತರಿಸುವುದು ಯಾಕೆ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಆಮದಿನ ಒಪ್ಪಂದ ಹುಟ್ಟಿದ್ದು ಕೊರತೆಯ ಭಯದಿಂದ. 2015ರಲ್ಲಿ ಬರದಿಂದಾಗಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ದುಡ್ಡು ಕೊಡುತ್ತೇವೆಂದರೂ ಹೊರಗೆ ಮಾಲು ಸಾಕಷ್ಟಿರಲಿಲ್ಲ. ಅಕ್ಕಿ, ಗೋಧಿಯ ಹಾಗಲ್ಲ ಇದು; ಮ್ಯಾನ್ಮಾರ್ ಮತ್ತು ಪೂರ್ವ ಆಫ್ರಿಕಾದ ಕೆಲವು ದೇಶಗಳನ್ನು ಬಿಟ್ಟರೆ ಮಾರುವವರೇ ಕಡಿಮೆ. ಅದಕ್ಕೇ 2016ರ ಜುಲೈನಲ್ಲಿ ಪ್ರಧಾನಿ ಮೊಜಾಂಬಿಕ್‌ಗೆ ಹೋದಾಗ ಐದು ವರ್ಷದ ಒಪ್ಪಂದವಾಯಿತು. ಮೊದಲ ವರ್ಷ 1 ಲಕ್ಷ ಟನ್, ಬರಬರುತ್ತ 2 ಲಕ್ಷ ಟನ್ ಕೊಳ್ಳುವುದಾಗಿ ಮಾತು ಕೊಟ್ಟೆವು.

ಆ ಹಂಗಾಮಿನಲ್ಲಿ ಏನಾಯಿತೆಂದು ನಿಮಗೇ ಗೊತ್ತು. ಬೆಳೆ ಭರ್ಜರಿ ಬಂತು, ದರ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಆಮದಿಗೆ ಮಿತಿ ಹಾಕಿತು. ಒಪ್ಪಂದದ ಪಾಲಿಗೆ ವಿನಾಯಿತಿ ಇದ್ದರೂ ಮೊಜಾಂಬಿಕ್‌ನಲ್ಲಿ ದರ ನೆಲಕಚ್ಚಿತು. ಅಲ್ಲಿನ ಸಣ್ಣ ರೈತರು ತೊಗರಿ ಬೆಳೆಯುವುದೇ ಹೆಚ್ಚಾಗಿ ನಮಗೆ ಮಾರಲು. ನಾವು ಕೈಬಿಟ್ಟರೆ ಅವರಿಗೆ ಬೇರೆ ಗಿರಾಕಿ ಇಲ್ಲ. ಅವರೂ ನಿಮ್ಮಂಥ ರೈತರೇ ಎಂಬುದನ್ನು ಮರೆಯಬಾರದು. ಜೊತೆಗೆ ಆ ದೇಶದ ರೊವುಮಾ ಅನಿಲ ನಿಕ್ಷೇಪದ ಒಂದು ಬ್ಲಾಕಿನಲ್ಲಿ ನಮ್ಮ ಸರ್ಕಾರಿ ಕಂಪನಿಗಳಿಗೆ ಶೇ 30ರಷ್ಟು ಪಾಲಿದೆ. ಅಂಥ ದೇಶಕ್ಕೆ ಕೊಟ್ಟ ಮಾತಿಗೆ ದೆಹಲಿ ಸುಲಭವಾಗಿ ತಪ್ಪಲಾರದು. 2021ರಲ್ಲಿ ಒಪ್ಪಂದವನ್ನು ಇನ್ನೂ ಐದು ವರ್ಷ ಮುಂದುವರಿಸಿದ್ದು ಆಶ್ಚರ್ಯವೇನಲ್ಲ.

ನನ್ನ ತಕರಾರು ಈ 2 ಲಕ್ಷ ಟನ್ನಿನ ಮೇಲಲ್ಲ. ಅದೇ 2021ರ ಮೇ ತಿಂಗಳಿಂದ ಎಲ್ಲ ದೇಶಗಳ ತೊಗರಿಗೂ ಬಾಗಿಲು ತೆರೆದು, ಅವಧಿಯನ್ನು ಮತ್ತೆ ಮತ್ತೆ ಬೆಳೆಸುತ್ತ ಹೋದರಲ್ಲ, ಅದು ತಪ್ಪು. ಆಫ್ರಿಕಾದ ಮಾಲು ಸೆಪ್ಟೆಂಬರ್‌ನಿಂದಲೇ ನಮ್ಮ ಬಂದರುಗಳಿಗೆ ಬಂದು ಬೀಳುತ್ತದೆ. ನೀವು ರಾಶಿ ಮುಗಿಸಿ ಎಪಿಎಂಸಿಗೆ ತರುವಷ್ಟರಲ್ಲಿ ವ್ಯಾಪಾರಿಯ ಗೋದಾಮು ಅರ್ಧ ತುಂಬಿರುತ್ತದೆ. 2025ರ ಜನವರಿಯಲ್ಲಿ, ಆವಕ ಜೋರಾಗಿದ್ದಾಗಲೇ, ಮುಕ್ತ ಆಮದನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದರು. ಒಪ್ಪಂದದ ಪಾಲನ್ನು ಹಾಗೇ ಉಳಿಸಿಕೊಂಡು, ಉಳಿದ ಆಮದಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸುಂಕ ಹಾಕಿದ್ದರೆ ಮೊಜಾಂಬಿಕ್ ಜೊತೆಗಿನ ಸಂಬಂಧಕ್ಕೂ ಧಕ್ಕೆಯಿಲ್ಲ, ನಿಮಗೂ ನಷ್ಟವಿಲ್ಲ. ನಿಮ್ಮ ಸಂಘಟನೆ ಸಂಸದರ ಮುಂದೆ ಇಡಬೇಕಾದ ಬೇಡಿಕೆ ಇದೇ.

2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಪ್ರತಿ ಹಂಗಾಮಿನಲ್ಲೂ ಖರೀದಿ ಕೇಂದ್ರ ತೆರೆದ ಕೂಡಲೇ ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ) ಕೊಟ್ಟು ನೋಂದಣಿ ಮಾಡಿಸಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲ ತೊಗರಿ ಎಂದೇ ದಾಖಲಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ.