‘ಡ್ಯೂಕ್’ ಪ್ರಾಗ್ ಸಾಲಿಗೋ, ಪಾಪ್ ಸಾಲಿಗೋ?

ನಮಸ್ಕಾರ ಸರ್. ಬ್ರಿಟಿಷ್ ರಾಕ್ ತಂಡ ಜೆನೆಸಿಸ್‌ನ ‘ಡ್ಯೂಕ್’ ಎಲ್‌ಪಿಯನ್ನು ಕಪಾಟಿನ ಪ್ರಾಗ್ ಸಾಲಿನಲ್ಲಿ ಇಡೋದೋ, ಪಾಪ್ ಸಾಲಿನಲ್ಲೋ ಅಂತ ಕೇಳಿದ್ದೀರಿ. ಪ್ರಾಗ್ ಅಂದರೆ ಪ್ರೋಗ್ರೆಸಿವ್ ರಾಕ್, ಉದ್ದನೆಯ ಕೃತಿಗಳು, ತೊಡಕಿನ ತಾಳಗಳು ಇರುವ ರಾಕ್. ಗಾಯಕ ಪೀಟರ್ ಗೇಬ್ರಿಯಲ್ ಹೋದ ಮೇಲೆ ಜೆನೆಸಿಸ್ ಬರೀ ಪಾಪ್ ಅಂತ ನಿಮ್ಮ ಪ್ರಶ್ನೆಗೆ ಒಂದಿಬ್ಬರು ಉತ್ತರ ಬರೆದಿದ್ದಾರೆ. ಆ ಮಾತು ನಿಲ್ಲೋದಿಲ್ಲ. ಗೇಬ್ರಿಯಲ್ ಬಿಟ್ಟದ್ದು 1975ರಲ್ಲಿ. 1976ರಲ್ಲಿ ಬಂದ ಎರಡೂ ಆಲ್ಬಂ ಅಪ್ಪಟ ಪ್ರಾಗ್. ಗಿಟಾರಿನ ಸ್ಟೀವ್ ಹ್ಯಾಕೆಟ್ ಕೂಡ ಹೋಗಿ ಮೂವರೇ ಉಳಿದ ಮೇಲೆ, 1978ರಿಂದ, ಗೆರೆ ಮಸುಕಾಯಿತು.

‘ಡ್ಯೂಕ್’ 1980ರದು. ಧ್ವನಿಮುದ್ರಣ ಆದದ್ದು ಸ್ಟಾಕ್‌ಹೋಮಿನಲ್ಲಿ, ಪಾಪ್ ತಂಡ ಅಬ್ಬಾದವರ ಪೋಲಾರ್ ಸ್ಟುಡಿಯೋದಲ್ಲಿ. ಆದರೂ ನಾನು ಅದನ್ನು ಪ್ರಾಗ್ ಸಾಲಿನಲ್ಲೇ ಇಡುತ್ತೇನೆ. ಅದರೊಳಗಿನ ಆರು ತುಣುಕುಗಳು ಮೊದಲು ಸುಮಾರು ಅರ್ಧ ಗಂಟೆಯ ಒಂದೇ ಕೃತಿಯಾಗಿದ್ದವು. 1972ರ ತಮ್ಮದೇ ಉದ್ದನೆಯ ಕೃತಿ ‘ಸಪ್ಪರ್ಸ್ ರೆಡಿ’ಗೆ ಜನ ಹೋಲಿಸುತ್ತಾರೆ ಅಂತ ತಂಡದವರು ಅದನ್ನು ಒಡೆದು ಆಲ್ಬಂ ತುಂಬ ಹಂಚಿಬಿಟ್ಟರು. ನೀವು ಒಮ್ಮೆ ಜೋಡಿಸಿ ಕೇಳಿ: ‘ಬಿಹೈಂಡ್ ದ ಲೈನ್ಸ್’, ‘ಡಚೆಸ್’, ‘ಗೈಡ್ ವೋಕಲ್’, ‘ಟರ್ನ್ ಇಟ್ ಆನ್ ಅಗೇನ್’, ‘ಡ್ಯೂಕ್ಸ್ ಟ್ರಾವೆಲ್ಸ್’, ‘ಡ್ಯೂಕ್ಸ್ ಎಂಡ್’. ಮೊದಲ ಮೂರು ಎಲ್‌ಪಿಯಲ್ಲೂ ಒಟ್ಟಿಗೇ ಇವೆ. ಅಲ್ಲಿ ಪುಟ್ಟದಾಗಿ ಬಂದು ಹೋಗುವ ‘ಗೈಡ್ ವೋಕಲ್’ನ ರಾಗ ‘ಡ್ಯೂಕ್ಸ್ ಟ್ರಾವೆಲ್ಸ್’ನ ಕೊನೆಯ ಹೊತ್ತಿಗೆ ಮೈತುಂಬಿಕೊಂಡು ಮರಳುತ್ತದಲ್ಲ, ಅದನ್ನು ಕೇಳಿದ ಮೇಲೆ ಇದನ್ನು ಬಿಡಿ ಹಾಡುಗಳ ಕಂತೆ ಅನ್ನೋಕೆ ನನಗೆ ಮನಸ್ಸೇ ಬರೋದಿಲ್ಲ.

ಅದೇ ಕೃತಿಯೊಳಗಿನ ‘ಟರ್ನ್ ಇಟ್ ಆನ್ ಅಗೇನ್’ ಬ್ರಿಟನ್ನಿನಲ್ಲಿ ಟಾಪ್ 10 ಹಿಟ್! ತೊಡೆ ತಟ್ಟಿಕೊಂಡು ಕೇಳಿ, ಆದಿತಾಳದ 8ಕ್ಕೆ ಕೂರೋದೇ ಇಲ್ಲ. ಅದರ ಮುಖ್ಯ ಭಾಗ 13 ಎಣಿಕೆಯದು. ರಾಗ ಮಾತ್ರ ಎಷ್ಟು ಸಲೀಸು ಅಂದರೆ ಲೆಕ್ಕದ ಕಡೆ ಗಮನವೇ ಹೋಗೋದಿಲ್ಲ. ಗೇಬ್ರಿಯಲ್ ಕೂಡ ತಂಡ ಬಿಟ್ಟದ್ದರ ಬಗ್ಗೆಯೇ ಬರೆದ ‘ಸಾಲ್ಸ್‌ಬರಿ ಹಿಲ್’ (1977) ಹಾಡಿನಲ್ಲಿ ಇದನ್ನೇ ಮಾಡಿದರು. ಅದು ಬಹುಪಾಲು 7ರಲ್ಲಿದೆ. ಮಿಶ್ರ ಚಾಪು ಕೇಳಿ ಬೆಳೆದ ನಮ್ಮ ಕಿವಿಗೆ ಏಳು ಹೊಸದೇನಲ್ಲ, ಅದಕ್ಕೇ ಬೇಗ ಒಗ್ಗುತ್ತದೆ ಅನ್ನಿಸುತ್ತೆ.

‘ಮಿಸ್‌ಅಂಡರ್‌ಸ್ಟ್ಯಾಂಡಿಂಗ್’ ಪಾಪ್, ಒಪ್ಪಿದೆ. ‘ಡ್ಯೂಕ್’ನಲ್ಲೇ ಇರುವ, ತಂಡದ ಡ್ರಮ್ಮರ್ ಮತ್ತು ಗಾಯಕ ಫಿಲ್ ಕಾಲಿನ್ಸ್ ಒಬ್ಬರೇ ಬರೆದ ಹಾಡು, ನನಗೆ ಬಹಳ ಇಷ್ಟ. ಅದೊಂದರಿಂದ ಇಡೀ ಆಲ್ಬಮ್ಮಿನ ಸಾಲು ಬದಲಾಗಬೇಕಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ಬ್ರಿಟನ್ನಿನ ಇನ್ನೊಂದು ತಂಡ 10ಸಿಸಿಯ ‘ಐಯಾಮ್ ನಾಟ್ ಇನ್ ಲವ್’ (1975) ಎಲ್ಲರಿಗೂ ಪ್ರೇಮಗೀತೆ. ಹಿಂದೆ ಮಂಜಿನಂತೆ ಹಬ್ಬಿರುವ ಕೋರಸ್ ಹೇಗೆ ಬಂತು ಗೊತ್ತಾ? ತಂಡದ ಮೂವರು ಒಂದೊಂದು ಸ್ವರವನ್ನೂ 16 ಸಲ ಹಾಡಿ, ಪ್ರತಿ ಸ್ವರಕ್ಕೆ 48 ಕಂಠ ಸೇರಿಸಿ, ಟೇಪ್ ಲೂಪ್ (ಸುತ್ತುತ್ತ ಅದನ್ನೇ ಮತ್ತೆ ಮತ್ತೆ ನುಡಿಸುವ ಟೇಪಿನ ಉಂಗುರ) ಮಾಡಿದರು. ಆಮೇಲೆ ಮಿಕ್ಸಿಂಗ್ ಡೆಸ್ಕಿನ ಒಂದೊಂದು ಫೇಡರಿಗೆ (ದನಿ ಏರಿಸಿ ಇಳಿಸುವ ಜಾರುಗುಂಡಿ) ಒಂದೊಂದು ಸ್ವರ ಕೊಟ್ಟು, ಡೆಸ್ಕನ್ನೇ ವಾದ್ಯದ ಹಾಗೆ ನುಡಿಸಿದರು. ಹೆಡ್‌ಫೋನ್ ಹಾಕಿ ಹಾಡುಗಾರಿಕೆಯನ್ನು ಬಿಟ್ಟು ಹಿಂದಿನದನ್ನಷ್ಟೇ ಹಿಂಬಾಲಿಸಿ. ಸ್ವರಗಳು ಏಳೋದು, ಕರಗೋದು ಕೇಳಿಸುತ್ತೆ. ಇಷ್ಟು ಪ್ರಾಗ್ ಕಸುಬು ಇದ್ದರೂ ನನ್ನಲ್ಲಿ ಇದು ಪಾಪ್ ಸಾಲಿನಲ್ಲೇ ಇದೆ, ಯಾಕಂದರೆ ಆ ದುಡಿಮೆಯೆಲ್ಲ ಒಂದೇ ರಾಗದ ಸೇವೆಗೆ. ‘ಡ್ಯೂಕ್’ನಲ್ಲಿ ರಾಗಗಳು ಒಂದು ದೊಡ್ಡ ಕಟ್ಟಡಕ್ಕಾಗಿ ದುಡಿಯುತ್ತವೆ. ನಾನು ಸಾಲು ನಿರ್ಧರಿಸೋದು ಇದರ ಮೇಲೆ. ಹಾಡಿನ ಉದ್ದ, ಚಾರ್ಟ್ ನಂಬರು ನೋಡೋದಿಲ್ಲ.

ಜೆನೆಸಿಸ್‌ನದೇ ‘ಇನ್ವಿಸಿಬಲ್ ಟಚ್’ (1986) ಕೂಡ ನಿಮ್ಮ ಹತ್ತಿರ ಇದ್ದರೆ ಪಾಪ್ ಸಾಲಿಗೆ ಹಾಕಿ. ಆದರೆ ಎರಡನೇ ಬದಿಯಲ್ಲಿ ಹತ್ತು ನಿಮಿಷ ದಾಟುವ ‘ಡಾಮಿನೋ’ ಇದೆ, ಅದನ್ನು ಪೂರ್ತಿ ಕೇಳದೆ ಸೂಜಿ ಎತ್ತಬೇಡಿ.